ಪಟ್ಟಿಯಲ್ಲಿ ಹೆಸರಿಲ್ಲದವನು

ವಾಟಿ ಗೆಡ್ಡಸ್ ಹದಿನೇಳು ವರ್ಷ ಕಿನ್‌ಲಾರಿ ತಂಡಕ್ಕೆ ಆಡಿದ. ವಾರವಿಡೀ ಮಂದಿಯ ಮನೆಯ ನಲ್ಲಿ ರಿಪೇರಿ, ಶನಿವಾರ ಸ್ಕಾಟ್ಲೆಂಡಿನ ಕಟ್ಟಕಡೆಯ ದರ್ಜೆಯ ಫುಟ್‌ಬಾಲ್. ಮೂಗು ಮೂರು ಸಲ ಮುರಿದಿತ್ತು. ಗೆದ್ದ ಕಪ್ ಒಂದೂ ಇಲ್ಲ. ಮಂಡಿ ಕೈಕೊಟ್ಟ ಮೇಲೆ ಅದೇ ತಂಡಕ್ಕೆ ಕೋಚ್ ಆದ, ಆಟಗಾರರ ಬಾಯಲ್ಲಿ 'ಗಾಫರ್'. ಬೇರೆ ಯಾರೂ ಒಪ್ಪಿರಲಿಲ್ಲ ಅನ್ನುವುದೂ ನಿಜವೇ.

ಆ ನವೆಂಬರಿನಲ್ಲಿ ಅರ್ಧ ತಂಡ ಜ್ವರ ಬಂದು ಮಲಗಿತ್ತು. ಪರೀಕ್ಷೆಗೆಂದು ಬಂದವನ ಹೆಸರು ಬರೆಯದೆ, ಬರೀ 'ಟ್ರಯಲಿಸ್ಟ್' ಅಂತ ಪಟ್ಟಿಗೆ ಸೇರಿಸಿ ಆಡಿಸುವ ಪದ್ಧತಿ ಅಲ್ಲಿದೆ. ಒಳ್ಳೆಯವನಾದರೆ ಪಕ್ಕದೂರಿನವರು ಎಗರಿಸಿಕೊಂಡು ಹೋಗಬಾರದಲ್ಲ! ಹಾಗೆ ಬಂದವನು ಇಪ್ಪತ್ತಾರರ ಕೆಂಗೂದಲಿನವನು. ವಾಟಿ ಹೆಸರು ಕೇಳಲಿಲ್ಲ. 'ಮಗಾ' ಅಂದರೆ ಯಾರಾದರೂ ತಿರುಗುತ್ತಾರೆ.

ಇಪ್ಪತ್ತನೇ ನಿಮಿಷಕ್ಕೆ ಅವನಿಗೂ ಎದುರಾಳಿಯೊಬ್ಬನಿಗೂ ತಲೆಗೆ ತಲೆ ಡಿಕ್ಕಿ. ವಾಟಿ ಅವನನ್ನು ಗೆರೆಯ ಬಳಿಗೆ ಕರೆದು ಎರಡು ಮಾತಾಡಿದ; ಅವನು ನಕ್ಕು ಮತ್ತೆ ಓಡಿದ. ಗೆಲುವಿನ ಗೋಲೂ ಅವನದೇ. ಆಟ ಮುಗಿದ ಮೇಲೆ ಸ್ನಾನದ ಕೋಣೆಯಲ್ಲಿ ಕುಸಿದ. ಆಸ್ಪತ್ರೆಯ ದಾದಿ ಹೆಸರೇನೆಂದು ಕೇಳಿದಾಗ ವಾಟಿಯ ಬಾಯಿಂದ ಬಂದದ್ದು ಒಂದೇ ಪದ, "ಟ್ರಯಲಿಸ್ಟ್." ಭಾನುವಾರ ಬೆಳಿಗ್ಗೆ ಅವನು ತೀರಿಕೊಂಡ.

ಆಮೇಲೆ ವಾಟಿಗೆ ನೆಮ್ಮದಿಯೆಂಬುದಿಲ್ಲ. ಮೈದಾನದಲ್ಲಿ ತನ್ನವರ ತಲೆ ಎಣಿಸಿದರೆ ಹನ್ನೆರಡು. ಮತ್ತೆ ಎಣಿಸಿದರೆ ಹನ್ನೊಂದು. ಕೆಂಗೂದಲಿನವರೇ ತುಂಬಿದ ಊರಿನಲ್ಲಿ ಅವನು ತಲೆ ತಗ್ಗಿಸಿಕೊಂಡೇ ಓಡಾಡಿದ.

ಮಾರ್ಚಿನಲ್ಲಿ ಸತ್ತವನ ತಂದೆ ಆರ್ಚಿ ಲೋರಿಮರ್ ಮೈದಾನಕ್ಕೆ ಬಂದರು. ಅವರೂ ಹಳೇ ಗೋಲ್‌ಕೀಪರ್. ವಾಟಿ ತಿನ್ನಲು ಬಿಸಿ ಪೈ ತಂದುಕೊಟ್ಟ, ಅವರು ಮುಟ್ಟಲಿಲ್ಲ.

"ನಿನಿಯನ್ ಅಂತ ಅವನ ಹೆಸರು," ಅಂದರು. "ಪೆಟ್ಟು ಬಿದ್ಮೇಲೆ ಅವನ್ನ ಮಾತಾಡ್ಸಿದ್ದು ನೀನೇ ಅಲ್ವೇನಪ್ಪಾ? ಏನಂದ?"

'ಏನೂ ಅನ್ನಲಿಲ್ಲ' ಎಂದರೆ ಮುಗಿಯುತ್ತಿತ್ತು. ವಿಚಾರಣೆಗೆ ಬಂದವರಿಗೆ ಹಾಗೇ ಹೇಳಿ ಪಾರಾಗಿದ್ದ. ಈ ಮುದುಕನಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೇ ಹೇಳಿದ.

"'ಗಾಫರ್, ಮೂರ್ಮೂರು ಚೆಂಡು ಕಾಣ್ತಿದೆ' ಅಂದ."

"ನೀನೇನಂದೆ?"

"'ನಡುವಿನದಕ್ಕೆ ಒದಿ, ಮಗಾ' ಅಂದೆ."

ಆ ನಾಡಿನ ಆಟಗಾರರೆಲ್ಲರ ಬಾಯಲ್ಲಿ ಸವೆದ ಹಳೇ ಜೋಕು ಅದು. ಆರ್ಚಿ ಅಭ್ಯಾಸಬಲದಿಂದ ಫಕ್ಕನೆ ನಕ್ಕುಬಿಟ್ಟರು. ನಕ್ಕದ್ದು ಅರಿವಾದೊಡನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ ಕೈ ತೆಗೆದರು.

"ಅವನು ಚಿಕ್ಕೋನಿದ್ದಾಗ ಬಿದ್ರೆ ನಾನೂ ಅದನ್ನೇ ಅಂತಿದ್ದೆ ಕಣಯ್ಯಾ," ಅಂದರು. "ಎದ್ದು ಓಡ್ತಿದ್ದ."