ನೀಲವ್ವನ ಖಾನಾವಳಿಯಲ್ಲಿ ನಾವು ಮೂವರು

ನೀಲವ್ವ ಊಟಕ್ಕೆ ಬಂದವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ರಾಜಗೋಪಾಲನಗರದ ಆಕೆಯ ಖಾನಾವಳಿ ಎಂದರೆ ಎದುರುಬದುರು ಎರಡು ಉದ್ದ ಬೆಂಚು, ನಡುವೆ ಹಲಗೆ, ಮೂಲೆಯಲ್ಲಿ ಒಲೆ, ಬಾಗಿಲಲ್ಲಿ ನೀರಿನ ಡ್ರಮ್ಮು, ಅಷ್ಟೇ. ಮಧ್ಯಾಹ್ನ ಪೀಣ್ಯದ ಕಾರ್ಖಾನೆಗಳಿಂದ ಬಾಗಲಕೋಟೆ, ವಿಜಾಪುರ, ಗದಗದ ಹುಡುಗರು ಗ್ರೀಸಿನ ಕೈ ತೊಳೆದು ಬಂದು ಕೂತರೆ, ರೊಟ್ಟಿ ಬಡಿಯುತ್ತಲೇ ಆಕೆಯ ಕಣ್ಣು ತಟ್ಟೆಯಿಂದ ತಟ್ಟೆಗೆ ಓಡುತ್ತಿತ್ತು. ಯಾರು ರೊಟ್ಟಿಯನ್ನು ಹೇಗೆ ಮುರಿಯುತ್ತಾರೆ, ಯಾರು ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯುತ್ತಾರೆ, ಯಾರು ಕಡೆಯ ತುತ್ತಿನಲ್ಲಿ ತಟ್ಟೆ ಒರೆಸುತ್ತಾರೆ, ಎಲ್ಲ ಆಕೆಗೆ ಗೊತ್ತು. ಗಡ್ಡ ಬೋಳಿಸಿಕೊಂಡು ಬಂದವನ ಗುರುತು ಆಕೆಗೆ ಹತ್ತುತ್ತಿರಲಿಲ್ಲ. ಅವನು ತಟ್ಟೆಗೆ ಕೈ ಹಾಕಿದ ಮೇಲೆ, "ಅಯ್ಯ, ನೀನೇನೋ ಯಪ್ಪಾ! ಮಾರಿ ತೊಳಕೊಂಡ ಬಂದೀಯಂತ ತಿಳೀಲಿಲ್ಲ ನೋಡು" ಎಂದು ಎಲ್ಲರನ್ನೂ ನಗಿಸುತ್ತಿದ್ದಳು.

"ಹಸದವನ ಮಾರಿ ಸುಳ್ಳ ಹೇಳ್ತೈತಿ, ಕೈ ಹೇಳಂಗಿಲ್ಲ" ಎಂಬುದು ಆಕೆಯ ಮಾತು.

ಯಾವಾಗ ಹೇಳಲಿ, ಹೇಗೆ ಹೇಳಲಿ ಎಂಬ ಚಿಂತೆ ಹತ್ತುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ: ನಾನು ಈ ಭೂಮಿಯವನಲ್ಲ. ಪೀಣ್ಯದಲ್ಲಿ ಇದು ಅಂಥ ದೊಡ್ಡ ಸಂಗತಿಯೇನಲ್ಲ, ಅಲ್ಲಿ ಯಾರೂ ಅಲ್ಲಿಯವರಲ್ಲ. ನಾವು ಮೂವರು ಬಂದಿದ್ದೆವು. ನೋಡಿಕೊಂಡು ಬನ್ನಿ ಎಂದು ಕಳಿಸಿದವರು ವಾಪಸ್ ಕರೆಸಿಕೊಳ್ಳಲಿಲ್ಲ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಎಲ್ಲೆಲ್ಲಿಂದಲೋ ಜನ ಬಂದು ಇಳಿಯುತ್ತಿದ್ದರು, ಅವರ ನಡುವೆ ನಾವೂ ಸೇರಿಕೊಂಡೆವು. ಶಂಕ್ರಪ್ಪ ನಮ್ಮಲ್ಲಿ ಹಿರಿಯ, ಮಲ್ಲಪ್ಪ ಬಾಯಿಬಿಡದವನು, ನಾನು ಬಸವರಾಜ. ಇವೆಲ್ಲ ಇಲ್ಲಿ ಇಟ್ಟುಕೊಂಡ ಹೆಸರು. ಮುಖಗಳನ್ನು ರಸ್ತೆ ಬದಿಯ ಹೋರ್ಡಿಂಗುಗಳಿಂದ ಆರಿಸಿಕೊಂಡೆವು. ಶಂಕ್ರಪ್ಪನಿಗೆ ಸಿಮೆಂಟ್ ಜಾಹೀರಾತಿನ ಗಟ್ಟಿ ಮುಖ ಸಿಕ್ಕಿತು. ನನಗೆ ಸಿಕ್ಕಿದ್ದು ಕೂದಲೆಣ್ಣೆಯ ಜಾಹೀರಾತಿನಲ್ಲಿ 'ಮೊದಲು' ಎಂದು ಬರೆದಿದ್ದ ಬದಿಯ ಬೋಳುತಲೆಯ ಮುಖ.

ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ನಾನು ಸ್ಟೋರ್ ಕೀಪರ್ ಆದೆ. ಚಿಂತೆ ಮಾಡುವುದು ನನ್ನ ಉದ್ಯೋಗ, ಸ್ಟೋರು ಉಪಕಸುಬು. ಕಾರ್ಖಾನೆಯಲ್ಲಿ ರಕ್ತದಾನ ಶಿಬಿರ ಎಂದರೆ ರಜೆ ಹಾಕುತ್ತಿದ್ದೆ. ಕಣ್ಣು ಮಿಟುಕಿಸುವುದನ್ನು ಮರೆತೆನೇನೋ ಎಂಬ ಭಯಕ್ಕೆ ಪದೇಪದೇ ಮಿಟುಕಿಸಿ, ಪ್ಯಾಕಿಂಗಿನ ಹೆಂಗಸೊಬ್ಬಳಿಂದ ಬೈಸಿಕೊಂಡೆ. "ನಿನ್ನೊಬ್ಬನಿಂದನ ನಾವೆಲ್ಲಾ ಸಿಗಬೀಳ್ತೀವಿ ನೋಡು" ಎಂದು ಶಂಕ್ರಪ್ಪ ಹಲ್ಲು ಕಡಿಯುತ್ತಿದ್ದ. ಸಿಕ್ಕಿಬಿದ್ದದ್ದು ಮೂವರಿಂದಲೂ.

ಮನುಷ್ಯರಾಗುವುದನ್ನು ನಾವು ಒಬ್ಬನೇ ಒಬ್ಬನನ್ನು ನೋಡಿ ಕಲಿತಿದ್ದೆವು. ಮುಚ್ಚಿಹೋಗಿದ್ದ ಒಂದು ಹಳೇ ಕಾರ್ಖಾನೆಯ ಶೆಡ್ಡಿನಲ್ಲಿ ನಾವು ಮೊದಲು ಅಡಗಿದ್ದು. ಅದರ ಅಂಗಳ ಕಾಯಲು ಬಾದಾಮಿ ಕಡೆಯ ವಾಚ್‌ಮನ್ ಒಬ್ಬನಿದ್ದ. ಅವನ ಬಳಿ ಯಾರೂ ಬರುತ್ತಿರಲಿಲ್ಲ, ಹಾಗಾಗಿ ದಿನವಿಡೀ ತನ್ನಷ್ಟಕ್ಕೆ ಮಾತಾಡುತ್ತಿದ್ದ. ತಗಡಿನ ಸಂದಿಯಿಂದ ನೋಡಿ ನೋಡಿ ಅವನ ಮಾತು, ನಡಿಗೆ, ನಗು, ಊಟ ಎಲ್ಲ ಕಲಿತೆವು. ಒಬ್ಬನನ್ನೇ ನೋಡಿದರೆ ಯಾವುದು ಮನುಷ್ಯಜಾತಿಯದು, ಯಾವುದು ಅವನೊಬ್ಬನದು ಎಂದು ತಿಳಿಯುವುದಾದರೂ ಹೇಗೆ? ಅವನಿಗೆ ಧೂಳಿನ ಹಳೇ ಕೆಮ್ಮಿತ್ತು. ಕೂರುವ ಮೊದಲು ಎರಡು ಸಲ ಕೆಮ್ಮುವುದು ಇಲ್ಲಿನ ಮರ್ಯಾದೆ ಎಂದುಕೊಂಡೆವು. ನಮ್ಮ ಮನೆ ಓನರ್ ಹನುಮಂತಣ್ಣ ಒಂದು ದಿನ ಕೇಳಿಯೇಬಿಟ್ಟ: "ಏನ್ ಸಾಮೀ, ಮೂರ್ ಜನಾನೂ ಒಂದೇ ತರಾ ಕೆಮ್ತೀರಲ್ಲಾ, ಇದ್ಯಾವ್ ಇಸ್ಕೂಲಲ್ಲಿ ಯೋಳ್ಕೊಟ್ರು?"

ನೀಲವ್ವನ ಖಾನಾವಳಿಗೆ ಮೊದಲ ಸಲ ಹೋದಾಗ ಮೂವರೂ ಒಂದೇ ಬೆಂಚಿನಲ್ಲಿ ಸಾಲಾಗಿ ಕೂತೆವು. ಕೆಮ್ಮಿದೆವು. ಬಲಗೈಯ ಉಂಗುರದ ಬೆರಳನ್ನು ನೆಟ್ಟಗೆ ಚಾಚಿ, ಉಳಿದ ಬೆರಳುಗಳಿಂದ ರೊಟ್ಟಿ ಮುರಿದೆವು. ಮೊದಲ ತುಂಡನ್ನು ತಟ್ಟೆಯ ಆಚೆ ಹಲಗೆಯ ಮೇಲಿಟ್ಟೆವು. ವಾಚ್‌ಮನ್ ಹಾಗೇ ಮಾಡುತ್ತಿದ್ದ. ಆಮೇಲೆ ಉಣ್ಣತೊಡಗಿದೆವು.

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಆ ತುಣುಕು ಯಾರಿಗಿಟ್ರಿ?" ಎಂದಳು ನೀಲವ್ವ.

"ಇಡಬೇಕಲ್ರೀ ಅಕ್ಕಾರ. ಎಲ್ಲಾರೂ ಇಡ್ತಾರಲ್ಲ?" ಎಂದ ಶಂಕ್ರಪ್ಪ.

ಎದುರು ಬೆಂಚಿನ ಹುಡುಗರು ಘೊಳ್ಳೆಂದರು. "ನಾವ್ಯಾರೂ ಇಡಂಗಿಲ್ಲಪಾ ಕಾಕಾ! ಇಲಿ ಸಾಕೀರೇನು?"

ನೀಲವ್ವ ನಗಲಿಲ್ಲ. ನಮ್ಮ ಮೂವರ ಕೈಗಳನ್ನೇ ನೋಡುತ್ತಿದ್ದಳು. ತವೆಯ ಮೇಲಿನ ರೊಟ್ಟಿ ಕರಕಲಾಯಿತು. ಆಕೆಯ ಖಾನಾವಳಿಯಲ್ಲಿ ರೊಟ್ಟಿ ಸುಟ್ಟದ್ದನ್ನು ಅವತ್ತೇ ಕಂಡದ್ದು ಎಂದು ಹುಡುಗರು ಹೇಳಿದರು.

ಆಕೆಯ ಕತೆ ಅಲ್ಲಿಗೆ ಬರುವವರಿಗೆಲ್ಲ ಗೊತ್ತಿತ್ತು. ಗಂಡ ಸಿದ್ದಪ್ಪ ದುಡಿಯಲು ಬೆಂಗಳೂರಿಗೆ ಬಂದವನು ಕೆಲಕಾಲ ಫೋನು ಮಾಡಿದ, ಆಮೇಲೆ ಸುದ್ದಿಯೇ ಇಲ್ಲ. ಹುಡುಕುತ್ತ ಬಂದ ನೀಲವ್ವನ ಬಳಿ ಅವನದೆಂದು ಇದ್ದದ್ದು ಮದುವೆಯ ಫೋಟೋ ಒಂದೇ, ಅದರಲ್ಲೂ ಬಾಸಿಂಗದ ಮುತ್ತಿನೆಳೆಗಳು ಮುಖ ಮುಚ್ಚಿದ್ದವು. ತಿರುಗಿ ತಿರುಗಿ ಸೋತ ಮೇಲೆ ಇಲ್ಲಿ ಒಲೆ ಹೂಡಿದಳು. "ಬೆಂಗಳೂರ ದೊಡ್ಡದು, ನಾ ಎಲ್ಲಿ ಹುಡುಕ್ಲಿ? ಅವಗೂ ಒಂದಿನ ಹಸಿವಾಗ್ತೈತಿ. ಜ್ವಾಳದ ರೊಟ್ಟಿ ಹುಡಿಕ್ಕೊಂಡ ತಾನ ಬರ್ತಾನ" ಎನ್ನುತ್ತಿದ್ದಳಂತೆ. ಮುಖ ಮುದಿಯಾಗಿರಬಹುದು, ಗಡ್ಡ ಬೆಳೆದಿರಬಹುದು. ಕೈ ನೋಡಿದರೆ ತಿಳಿಯುತ್ತದೆ.

ಮರುದಿನ ನಮಗೆ ಬಡಿಸುವಾಗ ಆಕೆಯೇ ಮಾತು ತೆಗೆದಳು. "ನನ್ನ ಗಂಡನ ಬೆರಳ ದನಕ್ಕ ಕಣಕಿ ಕತ್ತರಿಸೋ ಮಷೀನದಾಗ ಸಿಕ್ಕಿತ್ತು. ಆವತ್ತಿಂದ ಅದು ಮಡಚಲಿಲ್ಲ. ಅವರವ್ವ ಎಲ್ಲಾರಿಗೂ ನೀಡಿ ಕಡೀಕ ಕುಂಡ್ರತಿದ್ಲು, ಬುಟ್ಟ್ಯಾಗ ಏನೂ ಉಳೀತಿದ್ದಿಲ್ಲ. ಅದಕ ಅಂವ ಸಣ್ಣಾವ ಇದ್ದಾಗಿಂದ ಮೊದಲನೇ ತುಣುಕ ಅವ್ವಗಂತ ತಗದ ಇಡ್ತಿದ್ದ. ಅವ್ವ ಸತ್ತ ಮ್ಯಾಲೂ ಬಿಡಲಿಲ್ಲ. ಈ ಚಾಳಿ ಇದ್ದಾವ ಲೋಕದಾಗ ಅವ ಒಬ್ಬನ." ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಉಣ್ರಿ, ಆರತೈತಿ" ಎಂದಳು.

ಚಾಚಿದ್ದ ಬೆರಳನ್ನು ನಾನು ಮೆಲ್ಲಗೆ ಮಡಚಿದೆ. ಮಡಚಿದರೆ ರೊಟ್ಟಿ ಮುರಿಯಲು ಬರಲಿಲ್ಲ, ಮತ್ತೆ ಚಾಚಿದೆ.

ಆಮೇಲೊಂದು ದಿನ ಆಕೆ ನಮ್ಮ ಮೂವರಿಗಷ್ಟೇ ಒಂದು ಹಸಿರು ಪಲ್ಯ ನೀಡಿದಳು. ತಿಂದೆವು. ತಿಂದು ಒಂದೇ ಉಸಿರಿಗೆ, "ಇಂಥಾ ಪಲ್ಯಾ ಎಲ್ಲೂ ಉಂಡಿಲ್ಲ ಬಿಡು!" ಎಂದೆವು. ವಾಚ್‌ಮನ್ ಪಲ್ಯವಿಲ್ಲದ ಒಣ ರೊಟ್ಟಿ ಉಂಡು ದಿನಾ ಗಾಳಿಗೆ ಹೇಳುತ್ತಿದ್ದ ಮಾತು ಅದು. ನೀಲವ್ವ ಸೆರಗನ್ನು ಬಾಯಿಗೊತ್ತಿಕೊಂಡು ಹಿತ್ತಲಿಗೆ ಹೋದಳು. ಉಳಿದವರೆಲ್ಲ ಎದ್ದುಹೋದ ಮೇಲೆ ಬಂದು ನಮ್ಮೆದುರು ನಿಂತಳು.

"ಅದು ಬೇವಿನ ತಪ್ಪಲ. ಉಪ್ಪ ಸೈತ ಹಾಕಿದ್ದಿಲ್ಲ. ಮನಷ್ಯಾ ಆದಾವ ಥೂ ಅಂತ ಉಗುಳ್ತಿದ್ದ" ಎಂದಳು. "ನೀವ್ ಯಾರೋ, ಎಲ್ಲಿಂದ ಬಂದೀರೋ, ನಂಗ ಬ್ಯಾಡ. ಅವನ ಕೈ, ಅವನ ಕೆಮ್ಮು, ಅವನ ಮಾತು ನಿಮ್ಮ ಹತ್ರ ಅದಾವು. ಅವ ಎಲ್ಲಿದಾನ ಹೇಳ್ರಿ. ಅಮಾಸಿ ಈ ಸಲ ಐತವಾರ ಬಂದೈತಿ, ಖಾನಾವಳಿ ತುಂಬ ಮಂದಿ ಇರ್ತಾರ. ಅಷ್ಟರಾಗ ಹೇಳಲಿಲ್ಲಂದ್ರ, ನಡುವ ಸಾಲಾಗಿ ಕುಂಡ್ರಿಸಿ ಇದನ್ನ ಉಣಸ್ತೀನಿ. ಎಲ್ಲಾರೂ ನೋಡ್ಲಿ ನೀವೇನಂತ."

ನಮ್ಮನ್ನು ಬಯಲಿಗೆಳೆಯಲು ಪೊಲೀಸರು ಬರುತ್ತಾರೆ, ವಿಜ್ಞಾನಿಗಳು ಬರುತ್ತಾರೆ ಎಂದೆಲ್ಲ ಅಷ್ಟು ಕಾಲ ಚಿಂತಿಸಿದ್ದೆ. ಬಂದದ್ದು ಬೇವಿನ ಸೊಪ್ಪು.

ನಾವು ನೋಡಿ ಕಲಿತ ವಾಚ್‌ಮನ್ನೇ ಸಿದ್ದಪ್ಪ, ಅವನು ಏನಾದನೆಂದು ನಮಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಅವನು ಅಂಗಳದ ಕಲ್ಲಿನ ಮೇಲೆ ಕೆಮ್ಮಿ ಕೂತವನು ಏಳಲಿಲ್ಲ. ಮನುಷ್ಯರು ಹೀಗೂ ಕೂರುತ್ತಾರೆ ಎಂದುಕೊಂಡು ನಾವೂ ಶೆಡ್ಡಿನೊಳಗೆ ಹಾಗೆಯೇ ಕೂತು ಅಭ್ಯಾಸ ಮಾಡಿದೆವು. ಕೊನೆಗೆ ಒಂದು ವ್ಯಾನು ಬಂದು ಅವನನ್ನು ಒಯ್ದಿತು. ವಾರಸುದಾರರು ಯಾರೆಂದು ಗೇಟಿನಲ್ಲಿ ಕೇಳಿದರು, ಹೇಳುವವರಿರಲಿಲ್ಲ.

ರೂಮಿನಲ್ಲಿ ಬಾಗಿಲು ಹಾಕಿಕೊಂಡು ನಮ್ಮ ಸಂಚು ನಡೆಯಿತು. ಮೂವರೂ ಸಿದ್ದಪ್ಪನ ಭಾಷೆಯಲ್ಲೇ ಸಂಚು ಮಾಡಿದೆವು, ನಮ್ಮ ಭಾಷೆಯಲ್ಲಿ ಮಾತಾಡಿ ಬಹಳ ಕಾಲವಾಗಿತ್ತು.

"ಸತ್ತಾನ ಅಂತ ಹೇಳಿಬಿಟ್ರ?" ಎಂದೆ ನಾನು.

"ಹೇಳು. ಯಾರ್ ಕೊಂದ್ರು ಅಂತ ಕೇಳ್ತಾಳ. ಅಕಿ ಒಂದ್ ಮಾತ ಅಂದ್ರ ಆ ಹುಡುಗ್ರು ನಮ್ಮನ್ನ ಕಡದ ಹಾಕ್ತಾರ" ಎಂದ ಶಂಕ್ರಪ್ಪ. "ಅಕೀಗ ಹುಚ್ಚ ಹಿಡದೈತಿ ಅಂತ ಸುದ್ದಿ ಹಬ್ಬಸೂಣು."

ದಿನಾ ಅನ್ನ ಹಾಕುವವಳಿಗೆ ಹುಚ್ಚು ಎಂದರೆ ಪೀಣ್ಯದಲ್ಲಿ ಯಾರೂ ನಂಬುವುದಿಲ್ಲ ಎಂದೆ. ಬೆಂಗಳೂರಿನ ಇನ್ನೊಂದು ತುದಿಯ ಜಿಗಣಿಗೆ ಓಡಿಹೋಗೋಣವೆಂದೆ. ಅಲ್ಲೂ ರೊಟ್ಟಿ ಖಾನಾವಳಿಗಳಿವೆ, ಅಲ್ಲಿಗೂ ಆಕೆಯ ಮಾತು ಬರುತ್ತದೆ ಎಂದ ಶಂಕ್ರಪ್ಪ. ಆಗ ಬಾಯಿಬಿಡದ ಮಲ್ಲಪ್ಪ ಬಾಯಿಬಿಟ್ಟ.

"ಅಕೀಗ ಬೇಕಾದಾವನ್ನ ಕೊಟ್ಟಬಿಡೂಣು."

ಒಬ್ಬರು ಸಿದ್ದಪ್ಪನಾಗಿ ಹೋಗುವುದು. ಕೈಯಷ್ಟೇ ಅಲ್ಲ, ಮುಖ, ಮೈ, ದನಿ, ಎಲ್ಲ. ಗಂಡ ಸಿಕ್ಕಿದ ಮೇಲೆ ಆಕೆ ಯಾರನ್ನು ಏಕೆ ಕೆಣಕುತ್ತಾಳೆ? ರೂಪ ಬದಲಿಸುವ ಶಕ್ತಿ ನಮ್ಮ ಮೂವರಲ್ಲೂ ಸೇರಿ ಒಂದೇ ಸಲಕ್ಕೆ ಸಾಲುವಷ್ಟು ಉಳಿದಿತ್ತು. ತೊಟ್ಟರೆ ತೊಟ್ಟದ್ದೇ, ತೆಗೆಯಲು ಬರುವುದಿಲ್ಲ. ಇಬ್ಬರೂ ನನ್ನನ್ನು ನೋಡಿದರು.

"ಈಗಿನ ಮುಖಾ ಹೋದ್ರ ನಿಂಗೇನ್ ಲುಕ್ಸಾನೈತಿ?" ಎಂದ ಶಂಕ್ರಪ್ಪ.

"ನನ್ನ ಐಡಿ ಕಾರ್ಡಿನ ಫೋಟೋ?"

"ಲೇ, ಗಂಡ ಆಗಾಕ ಐಡಿ ಕಾರ್ಡ ಕೇಳತಾರೇನ?"

ಹೆದರಿದ್ದೆ, ನಿಜ. ಆದರೆ ಒಳಗೊಂದು ಆಸೆಯೂ ಎದ್ದಿತ್ತು. ಯಾರೂ ಕರೆಯಲು ಬಾರದ ನನಗೆ, ಈ ಭೂಮಿಯಲ್ಲಿ ಯಾರೋ ಕಾಯುತ್ತಿದ್ದಾರೆಂದು ಗೊತ್ತಿದ್ದ ಮುಖ ಅದೊಂದೇ.

ಅಮಾವಾಸ್ಯೆಯ ಹಿಂದಿನ ದಿನ, ಊಟದ ಗದ್ದಲ ಮುಗಿದ ಹೊತ್ತಿಗೆ, ಸಿದ್ದಪ್ಪನಾಗಿ ಹೋಗಿ ಬಾಗಿಲಲ್ಲಿ ನಿಂತೆ. ಗೋವಾಕ್ಕೆ ಹೋಗಿದ್ದೆ, ಜೈಲಾಯಿತು, ನಾಚಿಕೆಗೆ ಫೋನು ಮಾಡಲಿಲ್ಲ ಎಂದು ಕತೆ ಕಟ್ಟಿಕೊಂಡಿದ್ದೆ. ನೀಲವ್ವ ತಲೆ ಎತ್ತಿದಳು. ಆಕೆ ಒಬ್ಬರ ಮುಖವನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಹಿಟ್ಟಿನ ಕೈ ಹಾಗೇ ಗಾಳಿಯಲ್ಲಿತ್ತು.

"ಕೈ ತೊಳಕೋ" ಎಂದಳು.

ರೊಟ್ಟಿ, ಎಣ್ಣೆಗಾಯಿ, ಮೊಸರು ನೀಡಿದಳು. ಕೆಮ್ಮಿ ಕೂತೆ. ಬೆರಳು ಈಗ ನಿಜವಾಗಿಯೂ ಮಡಚುತ್ತಿರಲಿಲ್ಲ. ಮೊದಲ ತುಂಡನ್ನು ಆಚೆಗಿಟ್ಟೆ. ಗಂಡಸರು ಉಣ್ಣುವಾಗ ಎಂದೂ ಕೂರದವಳು ಎದುರು ಬೆಂಚಿನಲ್ಲಿ ಕೂತಳು. ತಟ್ಟೆ ಬರಿದಾಗುವ ತನಕ ನನ್ನ ಕೈಯನ್ನೇ ನೋಡಿದಳು.

"ಗೋವಾಕ ಹೋಗಿದ್ದೆ ನೀಲಿ, ಅಲ್ಲಿ..."

"ಅದ ಬ್ಯಾಡ" ಎಂದಳು. "ಅವ ಇದ್ದಿದ್ರ ಅವನ್ನ ಕರಕೊಂಡ ಬರ್ತಿದ್ರಿ. ಅವನ ಮಾರಿ ತೊಟಗೊಂಡ ಬಂದೀರಿ. ಯಾವಾಗ ಹೋದ?"

ನಾನು ಹೇಳಿದೆ. ಕಲ್ಲು, ಕೆಮ್ಮು, ವ್ಯಾನು, ಎಲ್ಲವನ್ನೂ. ಅವನ ಸಾವನ್ನು ಅವನ ದನಿಯಲ್ಲೇ ಹೇಳಬೇಕಾಯಿತು, ಬೇರೆ ದನಿ ನನ್ನಲ್ಲಿ ಉಳಿದಿರಲಿಲ್ಲ.

"ಮಗ್ಗಲಕ ಯಾರರ ಇದ್ರೇನು?"

"ನಾವಿದ್ವಿ."

"ಏನ್ ಮಾಡಿದ್ರಿ?"

"ನೋಡಿದ್ವಿ."

"ನೀವಿದ್ದೀರಂತ ಅವಗ ಗೊತ್ತಿತ್ತೇನು?"

"ಇಲ್ಲ."

"ಹಂಗಾರ ಒಬ್ಬನ ಹೋದ" ಎಂದಳು.

ಅಷ್ಟೇ. ಬಯ್ಯಲಿಲ್ಲ, ಯಾರನ್ನೂ ಕೂಗಿ ಕರೆಯಲಿಲ್ಲ. ಎದ್ದುಹೋಗಿ ಉರಿಯುವ ಒಲೆಗೆ ತಂಬಿಗೆ ನೀರು ಸುರಿದಳು. ಹೊಗೆಯಲ್ಲಿ ಆಕೆ ಕಾಣಲಿಲ್ಲ.

ಭಾನುವಾರ ಹುಡುಗರು ಬಂದು ಮುಚ್ಚಿದ ಬಾಗಿಲು ನೋಡಿ ಹೋದರು. ನಮ್ಮ ಬಗ್ಗೆ ಆಕೆ ಯಾರಿಗೂ ತುಟಿ ಬಿಚ್ಚಿರಲಿಲ್ಲ. "ಕೆಲಸ ಆತು" ಎಂದ ಶಂಕ್ರಪ್ಪ, ಗೆದ್ದವನ ಹಾಗೆ.

ಕೊನೆಯ ಸಲ ನೀಲವ್ವನನ್ನು ಕಂಡದ್ದು ಜಾಲಹಳ್ಳಿ ಕ್ರಾಸಿನಲ್ಲಿ. ಗಂಟು ಕಾಲ ಬಳಿ ಇಟ್ಟುಕೊಂಡು ಬಸ್ಸಿಗೆ ನಿಂತಿದ್ದಳು. ಸಿದ್ದಪ್ಪನ ಪರಿಚಯದವರು ಯಾರಾದರೂ ನೋಡಿಬಿಟ್ಟಾರೆಂಬ ಚಿಂತೆಗೆ ನಾನು ಟವೆಲಿನಿಂದ ಮುಖ ಮುಚ್ಚಿಕೊಂಡು ದೂರ ನಿಂತಿದ್ದೆ. ಆಕೆ ನನ್ನ ಕೈ ನೋಡಿದಳು, ನೇರ ಬಂದಳು. ಟವೆಲ್ ಸರಿಸಿ ಮುಖ ನೋಡಿದಳು. ಮಡಚಿಕೊಂಡಿದ್ದ ನನ್ನ ಅಂಗಿಯ ಕಾಲರ್ ಸರಿಮಾಡಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

"ಊರಾಗ ಅಂವ ಮದುವ್ಯಾಗ ಸುತ್ತಿದ್ದ ರುಮಾಲ ಐತಿ. ಅದನ್ನರ ಮಣ್ಣ ಮಾಡಿ ಅವನ ದಿನಕರ್ಮ ಮಾಡ್ತೀನಿ" ಎಂದಳು. "ನೀ ಎಲ್ಲಿ ಬೇಕಾದ್ರೂ ಹೋಗು. ನಮ್ಮೂರ ಕಡೆ ಮಾತ್ರ ಬರಬ್ಯಾಡ."

ಬಸ್ಸು ಬಂತು. ಹತ್ತಿದವಳು ತಿರುಗಿ ನೋಡಲಿಲ್ಲ.

ಫೋಟೋಗೂ ಮುಖಕ್ಕೂ ತಾಳೆಯಾಗದೆ ಪ್ರೆಸ್ ಶಾಪಿನ ಗೇಟಿನಲ್ಲಿ ಸೆಕ್ಯುರಿಟಿ ನನ್ನನ್ನು ಒಳಗೆ ಬಿಡಲಿಲ್ಲ. ಸತ್ತವನ ಮುಖದವನ ಜೊತೆ ಓಡಾಡುವುದು ಅಪಾಯವೆಂದು ಶಂಕ್ರಪ್ಪ, ಮಲ್ಲಪ್ಪ ಇಬ್ಬರೂ ನನಗೆ ಹೇಳದೆ ರೂಮು ಬದಲಿಸಿದರು. ನಾನೀಗ ಜಿಗಣಿಯಲ್ಲಿ ಗ್ರಾನೈಟ್ ಹೊರುತ್ತೇನೆ. ನನ್ನವರು ಬಂದಾರೆಂದು ಮೇಲೆ ನೋಡುವುದನ್ನು ಬಿಟ್ಟಿದ್ದೇನೆ, ನನ್ನ ಊರಿಗೆ ದಾರಿಯೇ ಇಲ್ಲ. ಈ ಮುಖದ ಊರಿಗೆ ದಿನಾ ಬಸ್ಸಿದೆ.