ಗಂಜಿಯತ್ತೆ ಹಡಗು ಹತ್ತಿದ್ದು

ನನ್ನ ಸೋದರತ್ತೆಯನ್ನು ಬೀದಿಯವರೆಲ್ಲ ಗಂಜಿಯತ್ತೆ ಎನ್ನುತ್ತಿದ್ದರು. ಲಾಂಡ್ರಿಯಲ್ಲಿ ಬಟ್ಟೆಗೆ ಗಂಜಿ ಹಾಕುತ್ತಿದ್ದಳು ಎನ್ನುವುದಕ್ಕಷ್ಟೇ ಅಲ್ಲ, ಅವಳನ್ನು ಮಡಚುವುದು ಯಾರಿಂದಲೂ ಆಗುತ್ತಿರಲಿಲ್ಲ ಎನ್ನುವುದಕ್ಕೂ. ಗಂಡ ಸತ್ತ ಮೇಲೆ ಲಾಡ್ಜುಗಳ ಬೆಡ್‌ಶೀಟ್ ಒಗೆದೊಗೆದೇ ಆ ಲಾಂಡ್ರಿ ಕಟ್ಟಿದವಳು. ನನ್ನಪ್ಪ ಅವಳ ತಮ್ಮ. ಅಕ್ಕ ಕೆಮ್ಮಿದರೆ ಸಾಕು, ಎದ್ದು ನಿಲ್ಲುತ್ತಿದ್ದ.

ಕೆಳಗೆ ಲಾಂಡ್ರಿ, ಮೇಲೆ ನಾವು, ನಮ್ಮ ಮೇಲೆ ತಾರಸಿ. ತಾರಸಿಯ ಎದುರಿಗೇ ಹಡಗುಕಾಲುವೆಯ ಎರಡು ದೊಡ್ಡ ಬಾಗಿಲು, ಮುಂದಿನ ಕಾಲುವೆ ಎತ್ತರದಲ್ಲಿರುವುದರಿಂದ. ಹಡಗು ಅವುಗಳ ನಡುವೆ ಬಂದು ನಿಂತರೆ ಹಿಂದಿನ ಬಾಗಿಲು ಮುಚ್ಚಿ ನೀರು ತುಂಬುತ್ತಾರೆ. ಹಡಗು ಮೆಲ್ಲಗೆ ಮೇಲೇರಿ ಅದರ ಡೆಕ್ಕು ನಮ್ಮ ತಾರಸಿಯ ಮಟ್ಟಕ್ಕೆ ಬರುತ್ತದೆ. ಆಮೇಲೆ ಮುಂದಿನ ಬಾಗಿಲು ತೆರೆಯುತ್ತದೆ. ಅಷ್ಟು ಹೊತ್ತು ಪ್ರವಾಸಿಗರು ನಮ್ಮನ್ನು ನೋಡುತ್ತಾರೆ, ನಾವು ತಂತಿಯ ಮೇಲೆ ಬಟ್ಟೆ ಒಣಹಾಕುತ್ತೇವೆ. ಹಿಂದುಗಡೆ ಇರುವುದು ಬಿಸಿಲು ಇಣುಕದ ಓಣಿ. ತಾರಸಿಯ ತಂತಿ ಹೋದರೆ ಲಾಂಡ್ರಿಯೂ ಹೋದ ಹಾಗೆಯೇ.

ಆ ತಂತಿಯನ್ನೇ ಕೀಳಿ ಎಂದು ಕಾಲುವೆ ಕಚೇರಿಯ ಸಾಹೇಬ ಬಂದು ನಿಂತ.

"ಹಡಗಿಂದ ನೋಡಿದ್ರೆ ಅಸಹ್ಯವಾಗಿ ಕಾಣುತ್ತೆ ಕಣಮ್ಮ. ಬಂದವರು ಏನಂದ್ಕೋತಾರೆ?"

"ನೀವು ಹಡಗಿಂದ ನೋಡಿದ್ದೀರಾ?" ಎಂದಳು ಅತ್ತೆ.

ಸಾಹೇಬ ಕೈಯಲ್ಲಿದ್ದ ನೋಟೀಸನ್ನು ಮುಂದೆ ಚಾಚಿದ.

"ಹಾಗಾದ್ರೆ ನಾನೇ ನೋಡ್ಕೊಂಡು ಬರ್ತೀನಿ. ಅಸಹ್ಯ ಅನ್ನಿಸಿದ್ರೆ ನನ್ನ ಕೈಯಾರೆ ಕೀಳ್ತೀನಿ. ಅಲ್ಲೀವರೆಗೂ ಯಾರೂ ಮುಟ್ಟೋ ಹಾಗಿಲ್ಲ."

"ಸ್ವಂತ ಮನೆ ನೋಡೋಕೆ ಹಡಗು ಹತ್ತೋರನ್ನ ನಾನಂತೂ ಕಂಡಿಲ್ಲ ಅತ್ತಿಗೆ," ಎಂದಳು ಅಮ್ಮ.

"ಈಗ ಕಾಣು," ಎಂದು ಅತ್ತೆ ಚೀಲ ಹೆಗಲಿಗೇರಿಸಿ, ಹಡಗು ಹೊರಡುವ ಬಂದರಿಗೆ ಬಸ್ಸು ಹಿಡಿದಳು.

ಇತ್ತ ಅಪ್ಪನ ತಲೆ ಓಡಿತು. ಎಂದೂ ಓಡದ್ದು ಅವತ್ತೇ ಓಡಬೇಕೆ! ಅಕ್ಕ ಮೊದಲ ಸಲ ಹಡಗಲ್ಲಿ ಬರುತ್ತಿದ್ದಾಳೆ, ಮನೆ ಲಕ್ಷಣವಾಗಿ ಕಾಣಲಿ ಎಂದು, ಅರೆಬರೆ ಒಣಗಿದ್ದ ಬೆಡ್‌ಶೀಟುಗಳನ್ನೆಲ್ಲ ತೆಗೆದು ಬುಟ್ಟಿಗೆ ತುರುಕಿದ. ತಾರಸಿ ತೊಳೆಸಿ, ನಮಗೆಲ್ಲ ಒಳ್ಳೆ ಬಟ್ಟೆ ಹಾಕಿಸಿ ಸಾಲಾಗಿ ನಿಲ್ಲಿಸಿದ. ಸಾಲದ್ದಕ್ಕೆ ಸಾಹೇಬನನ್ನೂ ಕರೆದಿದ್ದ. ಬರಿದಾದ ತಂತಿ ನೋಡಿ ಸಾಹೇಬ ಗೆದ್ದವನಂತೆ ನಕ್ಕ. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು.

ಹಡಗು ಬಂತು, ನೀರು ತುಂಬಿತು. ಮೊದಲು ಬಣ್ಣದ ಕೊಡೆಗಳು ಮೇಲೆದ್ದವು, ಆಮೇಲೆ ಟೋಪಿಗಳ ಸಾಲು, ಅದರ ನಡುವೆ ಕಂಬಿ ಹಿಡಿದು ನಿಂತ ಅತ್ತೆ. ನಾವು ಕೈಬೀಸಿದೆವು. ಅವಳು ಬೀಸಲಿಲ್ಲ.

"ಬಟ್ಟೆ ಎಲ್ಲೋ?"

"ನಿನಗೋಸ್ಕರ ತೆಗೆಸಿದೆ ಅಕ್ಕಾ!" ಎಂದ ಅಪ್ಪ.

"ನಿನ್ನ ಮುಖ ನೋಡೋಕೆ ಇಷ್ಟು ದೂರ ಸುತ್ತಿ ಬರಬೇಕಿತ್ತಾ? ಅದನ್ನ ದಿನಾ ನೋಡ್ತೀನಿ! ಬಾಗಿಲು ತೆರೆಯೋದ್ರೊಳಗೆ ಬಟ್ಟೆ ಹಾಕು!"

ಅಪ್ಪ ಸಾಹೇಬನ ಮುಖ ನೋಡಿದ. ಅಮ್ಮ ಯಾರ ಮುಖವನ್ನೂ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಎಳೆದು ತಂದಳು. ನಾನೂ ಕೈಹಾಕಿದೆ. ಕೊನೆಗೆ ಅಪ್ಪನೂ ಬಂದ. ನೋಡನೋಡುತ್ತಿದ್ದಂತೆ ತಾರಸಿ ಪೂರ್ತಿ ಬೆಳ್ಳಗಾಗಿ, ಸಾಹೇಬ ಬೆಡ್‌ಶೀಟುಗಳ ಮಧ್ಯೆ ಸಿಕ್ಕಿಕೊಂಡ.

ಅತ್ತೆ ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ಕಣ್ಣಾಡಿಸಿದಳು. ಅವಳು ಮಾತಿಗೆ ತಪ್ಪುವವಳಲ್ಲ. ಅಸಹ್ಯ ಎಂದಳೋ, ನಾಳೆ ಅವಳೇ ತಂತಿ ಕಿತ್ತು ಲಾಂಡ್ರಿಗೆ ಬೀಗ ಹಾಕುತ್ತಾಳೆ.

"ಈಗ ಹೇಳಿ!" ಸಾಹೇಬ ಕೂಗಿದ. "ಹೇಗೆ ಕಾಣುತ್ತೆ?"

"ಒಂದು ಮಾತ್ರ ಅಸಹ್ಯವಾಗಿದೆ!"

ಅಪ್ಪ ತಲೆಯ ಮೇಲೆ ಕೈಹೊತ್ತ.

"ಆ ಕೊನೇ ಬೆಡ್‌ಶೀಟು ಸೊಟ್ಟಗಿದೆ. ಸಾಹೇಬ್ರೇ, ನಿಮ್ಮ ಪಕ್ಕದ್ದೇ. ತುದಿ ಹಿಡಿದು ಎಳೀರಿ."

ಮುಂದಿನ ಬಾಗಿಲು ತೆರೆಯತೊಡಗಿತ್ತು. ಡೆಕ್ಕಿನ ಮೇಲಿದ್ದವರೆಲ್ಲ ಕ್ಯಾಮೆರಾ ಎತ್ತಿ ಸಾಹೇಬನನ್ನೇ ನೋಡುತ್ತಿದ್ದರು. ಅವನು ಅತ್ತಿತ್ತ ನೋಡಿ, ಎರಡೂ ಕೈಯಲ್ಲಿ ತುದಿ ಹಿಡಿದು ಎಳೆದ.

"ಇನ್ನೂ ಸ್ವಲ್ಪ!" ಎಂದಳು ಅತ್ತೆ, ಹಡಗು ಹೊರಟರೂ ಬಿಡದೆ.

ಸಾಹೇಬ ಇನ್ನೂ ಸ್ವಲ್ಪ ಎಳೆದ.