ಬೇವಿನ ಗಿಡದ ಕೆಳಗಿನ ಅಸ್ಥಿಪಂಜರ

ಮೊನ್ನೆ ಹುಬ್ಬಳ್ಳಿಯಲ್ಲಿ ಡೈನೋಸಾರ್ ಅಸ್ಥಿಪಂಜರಗಳ ಪ್ರದರ್ಶನಕ್ಕೆ ಕಾಲಿಟ್ಟ ಕೂಡಲೇ ಹಸಿ ಸುಣ್ಣದಂಥ ವಾಸನೆ ಮೂಗಿಗೆ ಬಂತು. ಇವು ನಿಜವಾದ ಎಲುಬಲ್ಲ, ಅಚ್ಚಿನಲ್ಲಿ ಹೊಯ್ದವು ಎಂದು ಮೊಮ್ಮಗಳು ಹೇಳುತ್ತಿದ್ದಳು. ಗೋಡೆಯ ಬದಿಯ ಬಾಕಿನ ಮೇಲೆ ಕುಳಿತುಬಿಟ್ಟೆ. ಆ ವಾಸನೆ ಹಂಸಭಾವಿಯ ನಮ್ಮ ಹಿತ್ತಲಿನದು...

ಆಗ ಎರಡನೆಯ ಮಹಾಯುದ್ಧದ ಕಾಲ. ನಾನು ಮದುವೆಯಾಗಿ ಬಂದ ಹೊಸತು. ನಮ್ಮ ಮನೆಯ ಮಗ್ಗುಲ ಕೋಣೆಗಳಲ್ಲಿ ಶಾಲೆಯ ಚಿತ್ರಕಲೆಯ ಮಾಸ್ತರರು ಮುದಿ ತಾಯಿಯೊಡನೆ ಬಾಡಿಗೆಗಿದ್ದರು. ನಮ್ಮವರೇ, ಲಿಂಗವಂತರು. ಮಾತು ಕಡಿಮೆ, ಯಾವಾಗಲೂ ದಣಿದಂತೆ ಕಾಣುವ ಮುಖ. ಯಾವುದೋ ಪುಸ್ತಕದಲ್ಲಿ ಅವರು ಮನುಷ್ಯ ಹುಟ್ಟುವ ಮೊದಲೇ ಅಳಿದುಹೋದ ದೈತ್ಯ ಪ್ರಾಣಿಯೊಂದರ ಎಲುಬುಗೂಡಿನ ಚಿತ್ರ ನೋಡಿದ್ದರಂತೆ. ಶಾಲೆಯ ಪ್ರದರ್ಶನಕ್ಕೆ ಅದನ್ನೇ ಕಟ್ಟುತ್ತೇನೆಂದು ಹಟ ಹಿಡಿದರು.

ಎಲುಬು ಎಲ್ಲಿಂದ ತರುವುದು? ಊರಾಚೆ ಬಿದ್ದಿದ್ದ ಸತ್ತ ದನಗಳ ಎಲುಬುಗಳನ್ನು ಕೇರಿಯ ಮಕ್ಕಳು ಆರಿಸಿ ತಂದರು. ಶಾಲೆಯ ಕಟ್ಟೆಯ ಮೇಲೆ ಹೊರಗೇ ಕುಳಿತು ಕಲಿಯುತ್ತಿದ್ದ ಮಕ್ಕಳು ಅವರು. ಮಾಸ್ತರರು ಹಿತ್ತಲಲ್ಲಿ ಎಲುಬುಗಳನ್ನು ಸುಣ್ಣದ ನೀರಲ್ಲಿ ನೆನೆಸಿ, ತಿಕ್ಕಿ, ಒಣಗಿಸಿ, ತಂತಿಯಿಂದ ಬಿಗಿಯುತ್ತಿದ್ದರು. ಎಲುಬು ಸಾಲದ ಕಡೆ ಬಿದಿರು.

ನಮ್ಮತ್ತೆಗೆ ತಡೆಯಲಾಗಲಿಲ್ಲ. "ಮಾಸ್ತರ, ಲಿಂಗಪೂಜಿ ಮಾಡೂ ಕೈಲೆ ಇದೇನ ಮುಟ್ಟಾಕತ್ತೀರಿ?"

"ತೊಳದ ಇಟ್ಟೇನ್ರಿ, ಅವ್ವಾರ. ಪ್ರದರ್ಶನ ಮುಗಿಯೂತನಕ ತಡ್ಕೋರಿ."

ಪ್ರದರ್ಶನದ ದಿನ ಹೆಂಗಸರೆಲ್ಲ ಹೋದೆವು. ಶಾಲೆಯ ದೊಡ್ಡ ಕೋಣೆಯಲ್ಲಿ ಅದು ಜಂತಿಯವರೆಗೆ ಕತ್ತೆತ್ತಿ ನಿಂತಿತ್ತು. ಆದರೆ ಎಲುಬು ತಂದ ಮಕ್ಕಳನ್ನು ಊರ ಪಂಚರೊಬ್ಬರು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದರು.

ಮಾಸ್ತರರು ಬಂದು ನೋಡಿದರು. ದನಿ ಏರಿಸಲಿಲ್ಲ.

"ಅವರು ಒಳಗ ಬರಬಾರದಂದ್ರ ಇದನ್ನ ಹೊರಗ ತರ್ತೇನಿ."

"ತರ್ರಿ. ನಾವೇನ ಬ್ಯಾಡ ಅಂದೇವೇನು?" ಎಂದು ಪಂಚರು ನಕ್ಕರು. ತರಲಿಕ್ಕಿಲ್ಲ ಎಂದುಕೊಂಡಿದ್ದರು.

ಮಾಸ್ತರರು ಏಣಿ ಹತ್ತಿ ತಂತಿ ಬಿಚ್ಚತೊಡಗಿದರು. ತಲೆ, ಕೊರಳು, ಪಕ್ಕೆಲುಬು ಒಂದೊಂದಾಗಿ ಹೊರಗೆ ಬಂದವು. ಯಾರೂ ಕೈ ಹಚ್ಚಲಿಲ್ಲ. ಬಾಗಿಲಾಚೆ ಆ ಮಕ್ಕಳೇ ಹಿಡಿದುಕೊಂಡರು. ಶಾಲೆಯ ಅಂಗಳದ ಬೇವಿನ ಗಿಡದ ಕೆಳಗೆ ಮಾಸ್ತರರು ಮತ್ತೆ ಕಟ್ಟಲು ನೋಡಿದರು, ಆದರೆ ಬೆನ್ನಿನ ಬಿದಿರು ಸೀಳಿಹೋಗಿತ್ತು, ನಿಲ್ಲಲಿಲ್ಲ. ಕೊನೆಗೆ ನೆಲದ ಮೇಲೆಯೇ ಉದ್ದಕ್ಕೆ ಜೋಡಿಸಿದರು. ಮಕ್ಕಳು ಸುತ್ತ ಕುಳಿತು ಮುಟ್ಟಿ ಮುಟ್ಟಿ ನೋಡಿದರು. ಮಾಸ್ತರರು ಬೆವರು ಒರೆಸಿಕೊಳ್ಳುತ್ತ, ಇದು ಏನು ತಿನ್ನುತ್ತಿತ್ತು, ಹೇಗೆ ನಡೆಯುತ್ತಿತ್ತು ಎಂದು ಹೇಳಿದರು. ಹೆಂಗಸರು ದೂರ ನಿಂತೆವು. ಗಂಡಸರು ಮನೆಗೆ ಹೋದರು.

ಮರುದಿನವೇ ಅತ್ತೆ ಮಾಸ್ತರರಿಗೆ ಮನೆ ಬಿಡಲು ಹೇಳಿದರು. ಅವರ ತಾಯಿ ಗಂಟು ಕಟ್ಟುತ್ತ ನನ್ನನ್ನು ನೋಡಿ, "ಮನಿ ಬಿಟ್ಟು ಬಿಟ್ಟು ಸಾಕಾಗೇತವ್ವಾ. ಖರೇ ಅಂದ್ರ, ಅಂವಂಗೂ ಸಾಕಾಗೇತಿ," ಎಂದರು. ಶಾಲೆಯಲ್ಲಿಯೂ ಉಳಿಗಾಲವಿರಲಿಲ್ಲ. ಅವರು ಶಿಗ್ಗಾಂವಿ ಹತ್ತಿರದ ಹಿರೇಬೆಂಡಿಗೇರಿಯ ಕಡೆ ಚಕ್ಕಡಿ ಹೂಡಿಸಿಕೊಂಡು ಹೋದರು. ಎಲುಬುಗಳು ಗಿಡದ ಕೆಳಗೆ ಕೆಲವು ದಿನ ಬಿದ್ದಿದ್ದವು. ಆಮೇಲೆ ನಾಯಿಗಳು, ಮಳೆ...

ಕೆಲವು ವರ್ಷಗಳ ಬಳಿಕ ಶಿಗ್ಗಾಂವಿಯಿಂದ ಬಂದ ಬಳೆಗಾರ್ತಿಯೊಬ್ಬಳು, ಆ ಮಾಸ್ತರರು ಕೆಮ್ಮಿ ಕೆಮ್ಮಿ ತೀರಿಕೊಂಡರು, ತಾಯಿ ಇನ್ನೂ ಇದ್ದಾರೆ ಎಂದಳು. ಅತ್ತೆ ಕೈ ಮುಂದೆ ಚಾಚಿ ಬಳೆ ಇಡಿಸಿಕೊಳ್ಳುತ್ತಲೇ ಇದ್ದರು.

ಬಾಕಿನ ಮೇಲೆ ಕುಳಿತು ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು, "ಅವರ ಹೆಸರೇನು, ಅಜ್ಜಿ?" ಎಂದಳು.

ನಾವು ಹೆಂಗಸರು ಅವರನ್ನು ಮಾಸ್ತರರೆಂದೇ ಕರೆದವರು. ಹೆಸರು ನನ್ನ ಕಿವಿಗೆ ಬಿದ್ದಿತ್ತೋ ಇಲ್ಲವೋ... ಕೇಳೋಣವೆಂದರೆ ಆಗಿನವರು ಯಾರೂ ಈಗ ಉಳಿದಿಲ್ಲ.